ಮರೆತದ್ದು ಅವನಲ್ಲ

“ನೀನ್ಯಾಕೆ ಇಲ್ಲಿದ್ದೀಯಾ?”

ಮಧುಗಿರಿ ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ಕಾದು ನಿಂತಿದ್ದ ಸಂಘಮಿತ್ರಾ ದಂಗಾದಳು. ನಮ್ಮ ಮದುವೆ ಸೀರೆ ತರೋಣ ಬಾ ಎಂದು ಹಿಂದಿನ ದಿನ ಫೋನ್ ಮಾಡಿದವನು ಇದೇ ತಿಪ್ಪೇಶ್!

“ನೀನೇ ಅಲ್ವೇನೋ ಬಾ ಅಂದಿದ್ದು?”

“ನಾನಾ? ಯಾವಾಗ ಅಂದೆ? ಸುಮ್ನೆ ತಲೆ ತಿನ್ಬೇಡ ಕಣೇ!”

ಕೊರಟಗೆರೆಗೆ ಓದಲು ಹೋಗುವಾಗ ಹೊಳವನಹಳ್ಳಿ ಬಸ್ಸಿನಲ್ಲಿ ಅವಳಿಗಾಗಿ ಸೀಟು ಹಿಡಿದು, ಎಲ್ಲರ ಕೈಲೂ ಬೈಸಿಕೊಳ್ಳುತ್ತಿದ್ದ ಹುಡುಗ ಇವನೇನಾ? ಕೆಲವು ತಿಂಗಳಿಂದ ಬರೀ ಮರೆವು, ಸಿಡುಕು. ಮಾತಿನ ನಡುವೆಯೇ ಎಲ್ಲೋ ಕಳೆದುಹೋಗುತ್ತಿದ್ದ.

‘ರಾಯಚರ್ಲಿನ ಸೋಲಾರ್ ಪಾರ್ಕಿನ ಕೆಲಸಕ್ಕೆ ಸೇರಿದ ಮೇಲೆ ಬೇರೆ ಯಾರೋ ಸಿಕ್ಕಿರಬೇಕು...’

“ನಾನು ಬ್ಯಾಡವಾದ್ರೆ ಬಾಯ್ಬಿಟ್ಟು ಹೇಳ್ಬುಡು! ಇನ್ಮೇಲೆ ನಿನ್ನ ಮುಖ ನೋಡಲ್ಲ!”

ತಿಪ್ಪೇಶ್ ಹಣೆ ಉಜ್ಜಿಕೊಳ್ಳುತ್ತ ಮಂಕಾಗಿ ನಿಂತೇ ಇದ್ದ. ಅವಳು ಅಳುತ್ತ ಕೊರಟಗೆರೆ ಬಸ್ ಹತ್ತಿದಳು.

ಮರುವಾರ ಅವನ ತಾಯಿ ಮಂಜಮ್ಮನ ಫೋನು.

“ತಿಪ್ಪೇಶ ಕೆಲಸದ ಜಾಗದಲ್ಲೇ ಬಿದ್ಬುಟ್ಟ ಕಣವ್ವ. ಬಲಗೈ, ಬಲಗಾಲು ಏಳ್ತಿಲ್ಲ... ಮಾತೂ ಹೊಂಟೋಯ್ತು!”

ಇಪ್ಪತ್ತಾರರ ಹುಡುಗನಿಗೆ ಲಕ್ವವೇ? ಅವಳು ಆಸ್ಪತ್ರೆಗೆ ಓಡಿದಳು.

ಡಾಕ್ಟರು ಸ್ಕ್ಯಾನ್ ನೋಡುತ್ತ ಹೇಳಿದರು: “ಇದು ಮೊದಲ್ನೇದಲ್ಲಮ್ಮ. ಮೆದುಳಲ್ಲಿ ಹಳೇ ಗಾಯಗಳಿವೆ. ಹೃದಯದ ಕವಾಟ ಚಿಕ್ಕಂದಿನಲ್ಲೇ ಕೆಟ್ಟಿದೆ. ಅಲ್ಲಿಂದ ರಕ್ತದ ಹೆಪ್ಪು ಹೋಗಿ ಮೆದುಳಿನ ನಾಳ ಕಟ್ಟಿದೆ. ಹಿಂದೆ ಸಣ್ಣದಾಗಿ ಆದಾಗ ಯಾರಿಗೂ ಗೊತ್ತಾಗಿಲ್ಲ. ಮರೆವು, ಕೋಪ ಏನಾದ್ರೂ ಇತ್ತಾ?”

ಅವಳು ಹೂಂ ಎಂದು ತಲೆಯಾಡಿಸಿದಳು. ಅಯ್ಯೋ... ಗಾಯವಾದವನನ್ನು ಮೋಸಗಾರ ಅಂದುಕೊಂಡೆನಲ್ಲ!

“ಮಾತು ಬರುತ್ತಾ ಸರ್?”

“ಪೂರ್ತಿ ಬರೋದು ಕಷ್ಟ. ಮನಸ್ಸಲ್ಲಿ ಒಂದಿದ್ರೆ ಬಾಯಲ್ಲಿ ಇನ್ನೊಂದು ಬರಬಹುದು. ಮತ್ತೆ ಸ್ಟ್ರೋಕ್ ಆಗೋ ಭಯಾನೂ ಇದೆ.”

ವಾರ್ಡಿನಲ್ಲಿ ತಿಪ್ಪೇಶನ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮಂಜಮ್ಮ ಸೆರಗಿನಿಂದ ಅವನ ಜೊಲ್ಲು ಒರೆಸುತ್ತಿದ್ದಳು.

“ನೀನು ಬ್ಯಾರೆ ಕಡೆ ಮದ್ವೆ ಆಗವ್ವ. ಇವ್ನ ಜೊತೆ ನೀನ್ಯಾಕೆ ಹಾಳಾಗ್ತೀಯಾ?”

ಸಂಘಮಿತ್ರಾ ಹಾಸಿಗೆಯ ಪಕ್ಕ ಕುಸಿದಳು. “ತಪ್ಪಾಯ್ತು ಕಣೋ... ನಂಗೆ ಗೊತ್ತಾಗ್ಲಿಲ್ಲ...”

ಅವನ ತುಟಿ ಬಹಳ ಹೊತ್ತು ಒದ್ದಾಡಿತು.

“ಹೋಗು.”

ಅವಳ ಜೀವವೇ ಹೋದಂತಾಯಿತು. ಇನ್ನೇನು ಉಳಿಯಿತು? ಕಣ್ಣೊರೆಸಿಕೊಂಡು ಎದ್ದಳು. ಹೆಜ್ಜೆ ಮುಂದಿಡಲಾಗಲಿಲ್ಲ. ತಿರುಗಿ ನೋಡಿದರೆ, ಅವನ ಎಡಗೈ ಅವಳ ದುಪ್ಪಟ್ಟಾದ ಅಂಚನ್ನು ಬಿಗಿಯಾಗಿ ಹಿಡಿದಿತ್ತು!

“ಹೋಗು... ಹೋಗು...” ಅನ್ನುತ್ತಲೇ ಇದ್ದ. ಕಣ್ಣುಗಳು ಮಾತ್ರ ಬೇಡ, ಬೇಡ ಎಂದು ಅಂಗಲಾಚುತ್ತಿದ್ದವು. ತನ್ನ ಬಾಯಿ ತನಗೇ ಮೋಸ ಮಾಡುತ್ತಿದೆ ಎಂದು ಗೊತ್ತಾಗಿ ಅವನು ಬಿಕ್ಕಿ ಬಿಕ್ಕಿ ಅತ್ತ.

ಅವಳು ಬಗ್ಗಿ ಅವನ ಹಣೆಗೆ ಹಣೆ ತಾಗಿಸಿದಳು. ಮುಂದೆ ಒಳ್ಳೆಯ ದಿನಗಳಿವೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಆದರೆ ಇವನನ್ನು ಬಿಟ್ಟು ಹೋಗುವ ದಾರಿಯೂ ಇರಲಿಲ್ಲ.

“ಎಲ್ಲೂ ಹೋಗಲ್ಲ ಕಣೋ.”

“ಹೋಗು,” ಎಂದ ಅವನು, ಮೆಲ್ಲಗೆ.

“ಹೂಂ... ನಂಗೂ ನೀನಂದ್ರೆ ಅಷ್ಟೇ ಪ್ರೀತಿ.”