ಮಣ್ಣು ಹೇಳಿದ ಹೆಸರು

ಹೊಂಬಾಳಮ್ಮನ ಹೊಲದ ಮೇಲೆ ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಮಂಜಿನೊಳಗೆ ಸೌಟಿನ ಗಾತ್ರದ ಯಂತ್ರವೊಂದು ರಾಗಿ ಕೂಳೆಗಳ ನಡುವೆ ತೆವಳುತ್ತ, ಮಾರು ದೂರಕ್ಕೊಂದು ಸಲ ಮಣ್ಣಿಗೆ ಬಾಯಿಟ್ಟು ರುಚಿ ನೋಡುತ್ತಿತ್ತು. ಅದು ಹೋದ ಹಾದಿಯಲ್ಲೆಲ್ಲ ನೆಲದ ಮೇಲೆ ಬಣ್ಣದ ಬೆಳಕು ಮೂಡುತ್ತಿತ್ತು, ನಿದ್ದೆಯಲ್ಲಿ ಕಂಡ ಬಣ್ಣಗಳ ಹಾಗೆ.

"ಒಬ್ಬೊಬ್ಬರ ಚರ್ಮದ ಮೇಲೂ ಕಣ್ಣಿಗೆ ಕಾಣದ ಜೀವಿಗಳ ಸಂಸಾರ ಇರ್ತದಮ್ಮ," ಎಂದರು ಅದನ್ನು ಕಂಡುಹಿಡಿದ ವಿಜ್ಞಾನಿ ರುಬೀನಾ. "ಬೆವರಿನ ಜೊತೆ ಮಣ್ಣಿಗಿಳಿದು ಹತ್ತು ವರ್ಷ ಗುರುತು ಉಳಿಸ್ತವೆ. ಒಬ್ಬರಿಗೊಂದು ಬಣ್ಣ."

ಅದು ಎರಡು ಸಾವಿರದ ಅರವತ್ತೆರಡನೆಯ ಇಸವಿ. ಆ ವರ್ಷದಿಂದ ತಾಲ್ಲೂಕಿನಲ್ಲಿ ಬೇಸಾಯದ ಸಹಾಯಧನ ಬರುವುದು ಪಹಣಿ ನೋಡಿ ಅಲ್ಲ, ಬೆವರು ನೋಡಿ; ಹೊಲದಲ್ಲಿ ಯಾರ ಬೆವರು ಎಷ್ಟೋ ಅವರಿಗೆ ಅಷ್ಟು ಪಾಲು. ಊರವರೆಲ್ಲ ಮೊದಲೇ ಅಂಗೈ ಒತ್ತಿ ತಮ್ಮ ಗುರುತು ಕೊಟ್ಟಿದ್ದರು; ತೀರಿಕೊಂಡವರದನ್ನು ಅವರು ಹಿಡಿಯುತ್ತಿದ್ದ ಗುದ್ದಲಿಯ ಕಾವಿನಿಂದ ತೆಗೆದಿದ್ದರು. ಕೂಲಿ ಪಡೆದವರ ಬಣ್ಣವನ್ನು ಮಾತ್ರ ಅಳಿಸುತ್ತಿದ್ದರು, ಅವರಿಗೆ ಸಲ್ಲಬೇಕಾದ್ದು ಸಂದಿದೆಯೆಂದು. ಹೊಂಬಾಳಮ್ಮ ಆ ದುಡ್ಡು ನೆಚ್ಚಿಕೊಂಡು ಒಂದು ಹಸುವಿಗೆ ಮಾತೂ ಕೊಟ್ಟಿದ್ದಳು.

ಬದುವಿನ ಮೇಲೆ ಕೂತಿದ್ದ ದೇವೀರಿ ನಕ್ಕಳು. "ನನ್ನ ಬೆವರು ನೆಕ್ಕಿಸ್ಬ್ಯಾಡಿ ಮೇಡಮ್ನೋರೆ, ಉಪ್ಪು ಜಾಸ್ತಿಯಾಗಿ ಮಿಷೀನು ಕೆಟ್ಟೋದಾತು!"

ದೇವೀರಿಗೆ ಅಂಗೈಯಗಲ ಹೊಲವಿಲ್ಲ. ಆದರೂ ಊರಿನ ಮುಯ್ಯಾಳಿಗೆ ಅವಳೇ ಮುಂದು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ನಡುವೆ ಕಾಸಿನ ಮಾತಿಲ್ಲ. ಅದೇ ಮುಯ್ಯಿ.

ಮಂಜು ಕರಗಿತು. ಹೊಂಗೆ ಮರದ ಬುಡದಿಂದ ಮಾಸಿದ ನೀಲಿಯೊಂದು ಹೊಲದ ಉದ್ದಕ್ಕೂ ಕಂಡಿತು.

"ಇದು ಚಿಕ್ಕೀರಣ್ಣನವರದ್ದು," ಎಂದರು ರುಬೀನಾ.

ತೀರಿಹೋಗಿ ಏಳು ವರ್ಷವಾದ ಗಂಡ. ಹೊಂಬಾಳಮ್ಮ ಚಪ್ಪಲಿ ಬಿಟ್ಟು ಆ ನೀಲಿಯ ಅಂಚಿನಲ್ಲಿ ನಿಂತಳು. ನೋಡುತ್ತಿದ್ದ ಹಾಗೆ ನೀಲಿಯ ಮೇಲಿನ ಪದರದಲ್ಲಿ ಅರಿಶಿನದ ಬಣ್ಣ ಬದುವಿನಿಂದ ಬದುವಿಗೆ ಹರಡಿಕೊಂಡಿತು. ಅವಳದೇ ಹಸಿರು ಅದರ ಪಕ್ಕದಲ್ಲಿ ತೆಳ್ಳಗಿತ್ತು. ಉಳಿದವರದು ಅಲ್ಲಲ್ಲಿ ಚುಕ್ಕಿ. ಅವರ ಮುಯ್ಯಿ ತೀರಿತ್ತು.

"ಅರಿಶಿನ ದೇವೀರಮ್ಮನವರದ್ದು. ಕೂಲಿ ಕೊಟ್ಟಿದ್ರಾ ಅಮ್ಮ? ಹೂಂ ಅಂದ್ರೆ ಅಳಿಸಿಬಿಡ್ತೀನಿ."

ಹೂಂ ಎಂದರೆ ಹಸು ಮನೆಗೆ ಬರುತ್ತದೆ. ಗಂಡ ಹಾಸಿಗೆ ಹಿಡಿದ ಎರಡು ವರ್ಷ ಹೊಂಬಾಳಮ್ಮ ಆಸ್ಪತ್ರೆಗೆ ಅಲೆಯುವಾಗ ಈ ಹೊಲ ಬೀಳುಬೀಳದಂತೆ ನೋಡಿಕೊಂಡವಳು ದೇವೀರಿ. ಆಮೇಲೂ ಬರುವುದು ಬಿಡಲಿಲ್ಲ. ಹೊಲವಿಲ್ಲದವಳ ಮುಯ್ಯಿ ಎಲ್ಲಿ ತೀರಿಸಲಿ ಎಂದು ಪ್ರತಿ ಸುಗ್ಗಿಯಲ್ಲೂ ಹೊಂಬಾಳಮ್ಮ ನಕ್ಕು ಸುಮ್ಮನಾಗಿದ್ದಳು.

"ಕೂಲಿ ಅಲ್ಲ ಕಣವ್ವ," ಎಂದಳು ಕೊನೆಗೆ. "ಮುಯ್ಯಿ. ತೀರಿಸಿಲ್ಲ."

ದೇವೀರಿ ಸಿಡಿದೆದ್ದಳು. "ಮುಯ್ಯಿಗೆ ಯಾರಾರ ಕಾಸಿಸ್ಕತಾರೇನಕ್ಕಯ್ಯ? ನನ್ನ ಕೂಲಿಯೋಳ ಮಾಡ್ಬುಟ್ಟಲ್ಲ!"

"ಕೊಡ್ತಿರೋಳು ನಾನಲ್ಲ ಕಣೆ. ಸುಮ್ಕಿರು, ಮಣ್ಣು ಮಾತಾಡ್ತೈತೆ."

ಮೂರರಲ್ಲಿ ಎರಡು ಪಾಲು ದೇವೀರಿಗೆ ಹೋಯಿತು. ಹಸು ಬೇರೆ ಯಾರದೋ ಕೊಟ್ಟಿಗೆ ಸೇರಿತು. ದೇವೀರಿ ಮೂರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಮುಂದಿನ ಮಳೆಗೆ ಕೆರೆ ಹಿಂದಿನ ಅರ್ಧ ಎಕರೆಯನ್ನು ಗುತ್ತಿಗೆಗೆ ಹಿಡಿದು ರಾಗಿ ಚೆಲ್ಲಿದಳು. ಪೈರು ಗೇಣುದ್ದ ಬಂದಾಗ ಹೊಂಬಾಳಮ್ಮನ ಬಾಗಿಲಲ್ಲಿ ನಿಂತಳು.

"ಕಳೆ ಬಿದ್ದೈತೆ, ಕುಡ್ಲು ತಕ್ಕೊಂಡ್ ಬಾ. ಒಂಬತ್ತು ವರ್ಷದ ಬಾಕಿ ಐತೆ ನಿಂದು. ಸೊಂಟನೋವು ಅಂತ ಸುಳ್ಳೇಳ್ಬ್ಯಾಡ."

ಹೊಂಬಾಳಮ್ಮ ಹೋದಳು. ಬಗ್ಗಿದವಳ ಹಣೆಯಿಂದ ಬೆವರು ತೊಟ್ಟಿಕ್ಕಿ, ತನ್ನದಲ್ಲದ ಮಣ್ಣಿಗೆ ಹಸಿರು ಇಳಿಯತೊಡಗಿತು, ಯಾರಿಗೂ ಕಾಣದೆ.

ಇದೆಲ್ಲ ಮುಂದಿನ ಮಾತು; ಆ ಯಂತ್ರ ಹುಟ್ಟಲು ಇನ್ನೂ ಮೂರು ನಾಲ್ಕು ದಶಕ ಬೇಕಾದೀತು. ಇವತ್ತು ನಾವು ಉಂಡ ಮುದ್ದೆಯ ರಾಗಿ ಬೆಳೆದ ನೆಲದಲ್ಲೂ ಬಣ್ಣಗಳಿವೆ. ಅವು ಯಾರ್ಯಾರದೆಂದು ನಮ್ಮಲ್ಲಿ ಕೆಲವರಿಗೆ ಯಂತ್ರವಿಲ್ಲದೆಯೂ ಗೊತ್ತು.