ಇಪ್ಪತ್ತು ಹೆಜ್ಜೆಯ ಲೆನ್ಸು

ಶುಕ್ರವಾರದೊಳಗೆ ಅರಣ್ಯ ಇಲಾಖೆಗೆ ಒಂದು ಫೋಟೊ ಕೊಡಬೇಕಿತ್ತು. ಅಮೆರಿಕದ ಮೊಂಟಾನಾದ ಆ ಹಿಮಕಣಿವೆಯಲ್ಲಿ ತಾಯಿ ವುಲ್ವರೀನ್ ಇನ್ನೂ ಇದೆ ಎಂದು, ಅದರ ಗುರುತಾದ ಎದೆಯ ಬಿಳಿ ಮಚ್ಚೆ ಸಮೇತ ತೋರಿಸಬೇಕು. ಇಲ್ಲದಿದ್ದರೆ ಚಳಿಗಾಲಕ್ಕೆ ಹಿಮಬೈಕುಗಳಿಗೆ ಅನುಮತಿ ಸಿಗುತ್ತಿತ್ತು, ಅದರ ಬಿಲದ ನೆತ್ತಿಯ ಮೇಲೇ. ಕರಡಿಯನ್ನೂ ಹೆದರಿಸಿ ಓಡಿಸುವ ಆ ಗಿಡ್ಡ ಪ್ರಾಣಿಗಾಗಿ ಗ್ರೆಟಾ ಒಂಬತ್ತು ವರ್ಷ ಅಲೆದಿದ್ದಳು.

ಹೊರಡುವಾಗಲೇ ತಕರಾರು ಶುರುವಾಯಿತು. ಬಿಸ್ಕಟ್ ಎಂಬ ತನ್ನ ಹೇಸರಗತ್ತೆಯ ಮೇಲೆ ಸಾಮಾನು ಹೇರುವ ಡೆಲ್ಬರ್ಟ್ ಎರಡೂ ಚೀಲಗಳನ್ನು ಕೈತಕ್ಕಡಿಗೆ ತೂಗುಹಾಕಿದ.

"ಎಡಗಡೆದು ನಾಲ್ಕು ಪೌಂಡ್ ಜಾಸ್ತಿ ಮೇಡಂ. ಎರಡು ಲೆನ್ಸಲ್ಲಿ ಒಂದು ಇಳ್ಸಿ."

"ಬಲಗಡೆಗೆ ಕಲ್ಲು ಹಾಕಿ."

"ಬಿಸ್ಕಟ್ ಕಲ್ಲು ಹೊರಲ್ಲ. ಅವಳ ಬೆನ್ನು ಹುಣ್ಣಾದ್ರೆ ಸಾಮಾನು ನೀವು ಹೊರ್ತೀರಾ?"

ಗ್ರೆಟಾ ಹೊಸ ದೊಡ್ಡ ಲೆನ್ಸನ್ನು ಕಾರಿನಲ್ಲಿಟ್ಟು, ಚಿಕ್ಕಪ್ಪನ ಕಾಲದ ಹಗುರ ಲೆನ್ಸನ್ನು ಉಳಿಸಿಕೊಂಡಳು. ಅದನ್ನು ಡಿಜಿಟಲ್ ಕ್ಯಾಮೆರಾಕ್ಕೆ ಕೂಡಿಸುವ ಅಡಾಪ್ಟರ್ ಬಳೆಯನ್ನು ಅಂಚೆಯಲ್ಲಿ ತರಿಸಿದ್ದಳು. ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಯ ಸೀರಿಯಲ್ ಡಬ್ಬಿಗೆ ಗುರಿಯಿಟ್ಟು ಪರೀಕ್ಷೆಯನ್ನೂ ಮಾಡಿದ್ದಳು. ಅಕ್ಷರ ಅಕ್ಷರವೂ ಸ್ಪಷ್ಟ.

ದಾರಿಯಲ್ಲಿ ಅವಳ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು. ಹೋದ ಚಳಿಗಾಲ ಡೆಲ್ಬರ್ಟ್ ಹಿಮಬೈಕಿನವರ ಹತ್ತಿರ ಕೆಲಸಕ್ಕಿದ್ದನಲ್ಲ! ಒಳ್ಳೆಯ ಲೆನ್ಸನ್ನು ಬೇಕೆಂದೇ ಇಳಿಸಿದನೇ? ಅಂದಿನಿಂದ ಮೆಮೊರಿ ಕಾರ್ಡನ್ನು ಕಾಲುಚೀಲದೊಳಗೆ ಬಚ್ಚಿಟ್ಟುಕೊಂಡು ನಡೆದಳು.

ಮೂರನೆಯ ದಿನ ಹಿಮದ ಇಳಿಜಾರಿನಾಚೆ, ಇನ್ನೂರು ಹೆಜ್ಜೆ ದೂರದಲ್ಲಿ, ವುಲ್ವರೀನ್ ಕಾಣಿಸಿತು. ಗ್ರೆಟಾ ಲೆನ್ಸಿನ ಉಂಗುರವನ್ನು ಕೊನೆತನಕ ತಿರುಗಿಸಿದಳು. ಲೆನ್ಸಿನಲ್ಲಿ ಎಲ್ಲ ಮಂಜು ಮಂಜು. ಪ್ರಾಣಿ ಬಂಡೆಗಳೊಳಗೆ ನುಸುಳಿಹೋಯಿತು.

"ಚೀಲ ಯಾವಾಗ ಬೀಳ್ಸಿದ್ರಿ, ನಿಜ ಹೇಳಿ!"

"ಬೀಳ್ಸಿದ್ರೆ ಬೀಳ್ಸಿದೆ ಅಂತಿದ್ದೆ. ತಗೊಳ್ಳಿ, ಲೆನ್ಸಲ್ಲಿ ಬಿಸ್ಕಟ್‌ನ ನೋಡಿ."

ಬಿಸ್ಕಟ್‌ಳ ರೆಪ್ಪೆಗೂದಲನ್ನೂ ಎಣಿಸಬಹುದಿತ್ತು. ಡೆಲ್ಬರ್ಟ್ ಅವಳನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಸಿದ. ಇಪ್ಪತ್ತರವರೆಗೆ ಚೆನ್ನಾಗಿತ್ತು, ಮುಂದೆ ಮಸುಕು. ಗ್ರೆಟಾ ಲೆನ್ಸು ಕಳಚಿ ಬಳೆಯನ್ನು ನೋಡಿದಳು. ಬಳೆ ಬೇಕಾದ್ದಕ್ಕಿಂತ ದಪ್ಪ, ಲೆನ್ಸು ಕ್ಯಾಮೆರಾದಿಂದ ತುಸು ದೂರ ಸರಿದಿತ್ತು. ದೂರದ್ದು ಇದಕ್ಕೆ ಎಂದೂ ಕಾಣದು. ಅಡುಗೆಮನೆಯಲ್ಲಿ ದೂರ ಎಲ್ಲಿಂದ ಬರಬೇಕು?

"ತಪ್ಪು ನಂದೇ," ಎಂದಳು. ಕಾರ್ಡನ್ನು ಮಾತ್ರ ಕಾಲುಚೀಲದಲ್ಲೇ ಇಡುವುದೆಂದು ನಿಶ್ಚಯಿಸಿದಳು.

"ಹಂಗಾದ್ರೆ ಆ ಪ್ರಾಣಿನೇ ಇಪ್ಪತ್ತು ಹೆಜ್ಜೆಗೆ ಕರ್ಸೋಣ," ಎಂದ ಡೆಲ್ಬರ್ಟ್.

ಇಳಿಜಾರಿನ ನಡುವೆ ಒಂಟಿ ಪೈನ್ ಮರವಿತ್ತು. ಅದಕ್ಕಿಂತ ಕೆಳಗೆ, ಎಣಿಸಿ ಇಪ್ಪತ್ತು ಹೆಜ್ಜೆಗೆ, ಗ್ರೆಟಾ ಬಂಡೆಯ ಮರೆ ಹಿಡಿದಳು. ಡೆಲ್ಬರ್ಟ್ ಎರೆಗೆಂದು ತಂದಿದ್ದ ಬೀವರ್ ಪ್ರಾಣಿಯ ಮಾಂಸ ಹೊತ್ತು ಮರ ಹತ್ತಿದ. ಕೊಂಬೆಯಿಂದ ಹಗ್ಗ ಇಳಿಬಿಟ್ಟು, ವುಲ್ವರೀನ್ ಎದ್ದು ನಿಂತರಷ್ಟೇ ಬಾಯಿಗೆ ಎಟುಕುವ ಎತ್ತರಕ್ಕೆ ಕಟ್ಟಬೇಕು, ಆಗ ಎದೆ ಕಾಣುತ್ತದೆ. ಮಾಂಸ ಕಟ್ಟುತ್ತಾನೋ, ಪ್ರಾಣಿಯನ್ನು ಬೆದರಿಸುತ್ತಾನೋ? ಅವಳ ಕಣ್ಣು ಅವನ ಕೈಯ ಮೇಲೇ ಇತ್ತು.

ಅಷ್ಟರಲ್ಲಿ ಮೇಲೆ ಹಿಮ ಬಿರಿಯಿತು.

"ಬಂಡೆ ಬಿಡ್ಬೇಡಿ!"

ಹಿಮ ನುಗ್ಗಿತು. ಮರ ಬಾಗಿತು. ಡೆಲ್ಬರ್ಟ್ ಕಾಂಡವನ್ನು ಅವುಚಿಕೊಂಡ. ಗ್ರೆಟಾ ಬಂಡೆಗೆ ಅಂಟಿಕೊಂಡಳು.

ಸದ್ದು ನಿಂತಾಗ ಅವನ ಒಂದು ಕೈಯಿಂದ ರಕ್ತ ಸೋರುತ್ತಿತ್ತು. ಇನ್ನೊಂದು ಕೈ ಹಗ್ಗದ ಗಂಟನ್ನು ಬಿಟ್ಟಿರಲಿಲ್ಲ.

ಮಾಂಸ ಇಳಿಬಿಟ್ಟು, ಇಬ್ಬರೂ ಬಂಡೆಯ ಮರೆಯಲ್ಲಿ ನಾಲ್ಕು ಗಂಟೆ ಮರಗಟ್ಟಿ ಕಾದರು. ಕೊನೆಗೆ ಅದು ಬಂತು, ಮೂಸಿತು, ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲೆ ಹರಿದ ಎಲೆಯಂಥ ಬಿಳಿ ಮಚ್ಚೆ. ಅದೇ ತಾಯಿ! ಗ್ರೆಟಾ ಕ್ಲಿಕ್ಕಿಸಿದಳು, ಕಣ್ಣು ಒರೆಸಿಕೊಂಡು ಮತ್ತೆ ಕ್ಲಿಕ್ಕಿಸಿದಳು. ಆಮೇಲೆ ಕಾರ್ಡ್ ಮತ್ತೆ ಕಾಲುಚೀಲ ಸೇರಿತು.

ಮರುದಿನ, ಗುರುವಾರ, ಮರಳುವ ದಾರಿಯ ಹಳ್ಳ ಕರಗಿದ ಹಿಮದಿಂದ ಸೊಂಟದವರೆಗೆ ಏರಿತ್ತು. ಬಿಸ್ಕಟ್ ಒಬ್ಬರನ್ನಷ್ಟೇ ಹೊರಬಲ್ಲಳು.

"ನೀವು ಹತ್ತಿ, ಮೇಡಂ."

"ಗಾಯ ಆಗಿರೋದು ನಿಮ್ಗೆ. ನೀವೇ ಹತ್ತಿ."

ಗ್ರೆಟಾ ಅವನ ಗಾಯದ ಕೈಯನ್ನೂ ಏರಿದ ನೀರನ್ನೂ ನೋಡಿದಳು. ಆಮೇಲೆ ಬೂಟು ಕಳಚಿ, ಕಾಲುಚೀಲಕ್ಕೆ ಕೈಹಾಕಿ, ಕಾರ್ಡ್ ತೆಗೆದು ಅವನಿಗೆ ಕೊಟ್ಟಳು. "ಟೋಪಿ ಒಳಗಿಟ್ಕೊಳ್ಳಿ. ನೆನೀಬಾರ್ದು."

ಡೆಲ್ಬರ್ಟ್ ಟೋಪಿಯನ್ನು ಬಿಗಿಯಾಗಿ ಒತ್ತಿಕೊಂಡ. "ಸದ್ಯ ತೆಗೆದ್ರಲ್ಲ. ಮೊದಲ್ನೇ ದಿನದಿಂದ ಕುಂಟ್ತಿದ್ರಿ."

ಆಚೆ ದಡದಲ್ಲಿ ಅವನು ಕಾರ್ಡನ್ನು ಹಿಂದಿರುಗಿಸಲು ಕೈಚಾಚಿದ. ಗ್ರೆಟಾ ಒದ್ದೆ ಕಾಲುಚೀಲ ಹಿಂಡುತ್ತಿದ್ದಳು.

"ಊರು ಸೇರೋವರ್ಗೂ ನಿಮ್ಮ ಟೋಪೀಲೇ ಇರ್ಲಿ," ಎಂದಳು.