ಅಣ್ಣ ಬರೆದಿಟ್ಟ ಕೋಡ್

"ಇದನ್ನ ಪೂರ್ತಿ ಕಿತ್ತು ಹಾಕ್ಬೇಕು."

ಮೀಟಿಂಗ್ ಕೋಣೆಯಲ್ಲಿ ಹಾಗಂದವನು ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವನು. ಅವನ ಕಣ್ಣು ಪರದೆಯ ಮೇಲಿತ್ತು. ಎದುರಿಗೆ ಕೂತಿದ್ದ ಅವಳ ಕಣ್ಣು ಅವನ ಮೇಲೆ!

ಪರದೆಯಲ್ಲಿದ್ದದ್ದು ಅವಳ ಅಣ್ಣ ಬರೆದ ಕೋಡ್; ಕ್ವಾಂಟಮ್ ಕಂಪ್ಯೂಟರಿನ ಲೆಕ್ಕದಲ್ಲಿ 'ಗೇಟ್' ಎನ್ನುವ ಹೆಜ್ಜೆಗಳ ಪೈಕಿ ಬೇಡದವನ್ನು ತೆಗೆಯುವಂಥದ್ದು. ಅಣ್ಣ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅದೇ ಪ್ರಯೋಗಾಲಯದಲ್ಲಿ ಅವನು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಅವಳು ಎದೆಗವಚಿಕೊಂಡು ಕಾಯುತ್ತಿದ್ದಳು.

"ಯಾಕೆ ಕೀಳ್ಬೇಕು?" ಎಂದಳು ಅವಳು.

"ಕ್ವಾಂಟಮ್ ಸರ್ಕ್ಯೂಟ್‌ನ ಗೇಟ್‌ಗಳನ್ನೆಲ್ಲ ಒಂದೇ ಉದ್ದ ಪಟ್ಟಿಯಲ್ಲಿ ಇಟ್ಟಿದ್ದಾರೆ. ನಡುವಿನದೊಂದು ತೆಗೆದ್ರೆ ಹಿಂದಿನವೆಲ್ಲ ಮುಂದೆ ಸರೀಬೇಕು. ಲಕ್ಷಗಟ್ಟಲೆ ಗೇಟ್ ಬಂದ್ರೆ ಕಥೆ ಮುಗೀತು! ಅದರ ಬದ್ಲು ಬಲೆ ಥರ ಹೆಣೆಯೋಣ. ತನ್ನ ಕ್ಯೂಬಿಟ್‌ನ ಎಳೆಯ ಮೇಲೆ ತನಗಿಂತ ಮುಂಚೆ ಯಾರು, ಆಮೇಲೆ ಯಾರು... ಗೇಟ್‌ಗೆ ಅಷ್ಟು ಗೊತ್ತಿದ್ರೆ ಸಾಕು. ಒಂದನ್ನ ತೆಗೆದ್ರೆ ಅಕ್ಕಪಕ್ಕದವನ್ನ ಜೋಡಿಸಿದ್ರಾಯ್ತು."

ಮಾತು ಸರಿಯಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಅಂದಿನಿಂದ ಅವನಿಗೆ 'ಕತ್ತರಿ' ಎಂದು ಹೆಸರಿಟ್ಟಳು.

ಮನೆಯಲ್ಲಿ ಅಮ್ಮನದು ದಿನಾ ಒಂದೇ ಪ್ರಶ್ನೆ.

"ಅಣ್ಣನದ್ದು ಇನ್ನೂ ಓಡ್ತಿದೆಯೇನೇ?"

"ಓಡ್ತಿದೆ ಅಮ್ಮಾ..."

ಆ ಉತ್ತರ ಕಿವಿಗೆ ಬಿದ್ದ ಮೇಲೆಯೇ ಅಮ್ಮ ತಟ್ಟೆ ಮುಟ್ಟುತ್ತಿದ್ದರು. ಅದು ನಿಂತ ದಿನ ಏನು ಹೇಳಲಿ?

ಎರಡು ತಿಂಗಳು ಕತ್ತರಿ ತಲೆ ತಗ್ಗಿಸಿ ಹೊಸ ಕೋಡ್ ಬರೆದ. "ಕಾಫಿಗೆ ಬರ್ತೀರಾ?" ಎಂದು ದಿನಾ ಕೇಳುತ್ತಿದ್ದ. ಅವಳು ಕತ್ತೆತ್ತಿಯೂ ನೋಡುತ್ತಿರಲಿಲ್ಲ.

ಕೊನೆಗೆ ಎರಡನ್ನೂ ಓಡಿಸಿ ನೋಡುವ ದಿನ ಬಂತು. ಎಂಟು ಲಕ್ಷ ಗೇಟ್‌ಗಳ ಸರ್ಕ್ಯೂಟ್. ಅಣ್ಣನ ಕೋಡ್ ಬೆಳಗ್ಗೆಯಿಂದ ಏದುಸಿರು ಬಿಟ್ಟು ಮಧ್ಯಾಹ್ನಕ್ಕೆ ನಿಂತೇಹೋಯಿತು. ಹೊಸದು ಒಂದೇ ನಿಮಿಷದಲ್ಲಿ ಮುಗಿಸಿತು.

"ಶುಕ್ರವಾರ ಹಳೇದನ್ನ ಅಳಿಸಿಬಿಡಿ," ಎಂದರು ಮುಖ್ಯಸ್ಥರು.

ಒಂದಾದರೂ ತಪ್ಪು ಸಿಗಲಿ ದೇವರೇ! ಹಟಕ್ಕೆ ಬಿದ್ದು ಅವಳು ಅವನ ಕೋಡನ್ನು ಸಾಲು ಸಾಲಾಗಿ ಜಾಲಾಡಿದಳು. ಒಂದು ಕಡೆ ಕೈ ನಿಂತಿತು.

ಕೋಡಿನ ತಪ್ಪು ಹಿಡಿಯಲು ಅಣ್ಣ ಬರೆದ ಟೆಸ್ಟ್‌ಗಳು! ಮುನ್ನೂರ ಹನ್ನೆರಡೂ ಹಾಗೇ ಇದ್ದವು. ಮೇಲೆ ಕತ್ತರಿಯ ಟಿಪ್ಪಣಿ: 'ಇವು ಹಳೆಯ ಕೋಡ್ ಬರೆದವರವು. ನನ್ನ ಹನ್ನೊಂದು ತಪ್ಪುಗಳನ್ನು ಹಿಡಿದುಕೊಟ್ಟಿವೆ. ಒಂದನ್ನೂ ಅಳಿಸಬೇಡಿ.'

ಅವಳು ಎದ್ದು ಓಡಿದಳು. ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

"ಆ ಟೆಸ್ಟ್ ಬರೆದವರು ಯಾರು, ಗೊತ್ತಾ?"

"ಇಲ್ಲ. ಯಾರನ್ನ ಕೇಳಿದ್ರೂ ಮಾತು ಹಾರಿಸ್ತಾರೆ. ಸಿಕ್ಕಿದ್ರೆ ಕೈ ಮುಗೀಬೇಕು ಅಂತಿದ್ದೀನಿ."

"ಸಿಗಲ್ಲ... ನನ್ನಣ್ಣ. ಈಗ ಇಲ್ಲ."

ಅವನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ.

"ಅವತ್ತು ನಿಮ್ಮೆದುರಿಗೇ ಕಿತ್ತು ಹಾಕ್ಬೇಕು ಅಂದೆನಲ್ಲ..."

"ನಾನೂ ಬಾಯಿಬಿಟ್ಟು ಹೇಳ್ಲಿಲ್ಲ."

"ನೀವು ಒಂದ್ಸಲ ತಲೆ ಎತ್ತಿ ನೋಡ್ಲಿ ಅಂತ ದಿನಾ ಕಾಯ್ತಿದ್ದೆ. ಮನಸ್ಸಲ್ಲಿ ಏನೇನೋ ಇತ್ತು. ಈಗ ಹೇಳೋಕೆ ಮುಖ ಇಲ್ಲ."

ಅವಳು ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

ಅಂದು ಸಂಜೆ ಅಮ್ಮನಿಗೆ ಸತ್ಯ ಹೇಳಿದಳು. "ನಿಂತೋಯ್ತು ಅಮ್ಮಾ. ಆದ್ರೆ ಹೊಸದ್ರಲ್ಲಿ ತಪ್ಪು ಹುಡುಕ್ತಿರೋದು ಅಣ್ಣನೇ."

ಅಮ್ಮ ಗೋಡೆಗೊರಗಿ ಅತ್ತರು. ಹದಿನಾರು ತಿಂಗಳಲ್ಲಿ ಮೊದಲ ಸಲ.

ಶುಕ್ರವಾರ. ಅಳಿಸುವ ಕೆಲಸವನ್ನು ಅವಳು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಆದರೆ ಅಳಿಸುವ ಕೀಲಿಯ ಮೇಲೆ ಬೆರಳಿಟ್ಟವಳು ಒತ್ತದೆ ಕೂತಳು. ಬಾಗಿಲಲ್ಲಿ ಅವನ ನೆರಳು ಕಂಡಿತು.

"ಪಕ್ಕದಲ್ಲಿ ಕೂತ್ಕೊಳ್ಳಲಾ?"

"ಎಷ್ಟು ಹೊತ್ತು?"

"ನೀವು ಎದ್ದು ಹೋಗು ಅನ್ನೋವರೆಗೆ."

ಅವಳು ಕೀಲಿ ಒತ್ತಿದಳು. ಪರದೆ ಖಾಲಿಯಾಯಿತು. ಕಣ್ಣು ತುಂಬಿ ಬಂದರೂ ಈ ಸಲ ಮುಖ ತಿರುಗಿಸಲಿಲ್ಲ.

"ಅನ್ನಲ್ಲ," ಎಂದಳು ಮೆಲ್ಲಗೆ.